ಮೂರು ಹೆಜ್ಜೆಯಲ್ಲಿ ಮೂರು ಲೋಕ: ತ್ರಿವಿಕ್ರಮ

ಉಬ್ಬುಶಿಲ್ಪ, ಮರಳುಗಲ್ಲು. ಬಾದಾಮಿ ಚಾಲುಕ್ಯರ ಕಾಲ, ಕ್ರಿ.ಶ. 6ನೇ ಶತಮಾನ. ಎರಡನೇ ಗುಹೆಯ ಮೊಗಸಾಲೆ.

ಕಣ್ಣಿಗೆ ಕಾಣದ ಲೋಕಕ್ಕೂ ನಕ್ಷೆ ಬೇಕೆಂಬ ಆಸೆ ಹಳೆಯದು. ಫ್ರಾನ್ಸಿನ ಜೂಲ್ಸ್ ವರ್ನ್ 1874–75ರಲ್ಲಿ ಪ್ರಕಟಿಸಿದ ನಿಗೂಢ ದ್ವೀಪದ ಕಾದಂಬರಿಗೆ ಆ ಕಲ್ಪಿತ ದ್ವೀಪದ ನಕ್ಷೆಯನ್ನೂ ಸೇರಿಸಿದ್ದ. ಅದಕ್ಕೂ ಸುಮಾರು 1,300 ವರ್ಷ ಮೊದಲು ಇಲ್ಲಿನ ಶಿಲ್ಪಿಗಳು ಇಡೀ ವಿಶ್ವವನ್ನೇ ಅಳೆದು ಗುಡ್ಡದ ಮೈಯಲ್ಲಿ ಕಡೆದಿಟ್ಟರು.

ಕೆಳಗೆ ನೋಡಿ: ಕೊಡೆ ಹಿಡಿದ ಪುಟ್ಟ ವಾಮನ, ಎದುರಿಗೆ ಮೂರು ಹೆಜ್ಜೆ ನೆಲ ದಾನ ಕೊಡುತ್ತಿರುವ ಬಲಿ ಚಕ್ರವರ್ತಿ. ಪಕ್ಕದಲ್ಲೇ ಅದೇ ವಾಮನ ತ್ರಿವಿಕ್ರಮನಾಗಿ ಬೆಳೆದು, ಒಂದು ಕಾಲನ್ನು ನೆಲಕ್ಕೂರಿ ಇನ್ನೊಂದನ್ನು ಆಕಾಶಕ್ಕೆ ಚಾಚಿದ್ದಾನೆ. ಕಥೆಯ ಮೊದಲೂ ನಂತರವೂ ಒಂದೇ ಚೌಕಟ್ಟಿನಲ್ಲಿ! ಅಳತೆಯ ಈ ಏರುಪೇರೇ ಶಿಲ್ಪಿಯ ಜಾಣ್ಮೆ.

ಎತ್ತಿದ ಪಾದದ ಬಳಿ ಹಲ್ಲು ಕಿರಿದ ದುಂಡು ಮುಖವೊಂದಿದೆ. ಅದು ರಾಹು, ಹೆಜ್ಜೆ ಗ್ರಹಗಳ ಎತ್ತರ ಮುಟ್ಟಿತೆಂಬ ಗುರುತು.

ಮೊಗಸಾಲೆಯ ಎದುರು ತುದಿಯಲ್ಲಿ ವರಾಹ ಭೂದೇವಿಯನ್ನು ಮೇಲೆತ್ತಿದ್ದಾನೆ, ಅವನ ಕಾಲಬಳಿ ಪಾತಾಳದ ನಾಗ. ಚಾವಣಿಯಲ್ಲಿ 16 ಮೀನುಗಳೇ ಕಡ್ಡಿಗಳಾದ ಚಕ್ರವಿದೆ. ಕತ್ತೆತ್ತದೆ ಮುಂದೆ ಹೋಗುವವರೇ ಹೆಚ್ಚು.

ಈ ಗುಹೆಯನ್ನು ಕಟ್ಟಿದ್ದಲ್ಲ, ಬಂಡೆಯನ್ನು ಕೊರೆದು ತೆಗೆದದ್ದು. ಮೆಟ್ಟಿಲೇರಿದರೆ ಸಿಗುವ ಮೂರನೇ ಗುಹೆಯಲ್ಲಿ ಇನ್ನೂ ದೊಡ್ಡ ತ್ರಿವಿಕ್ರಮನಿದ್ದಾನೆ. ಆ ಗುಹೆಯನ್ನು ಚಾಲುಕ್ಯ ಮನೆತನದ ಮಂಗಳೇಶ ಮಾಡಿಸಿದ್ದು ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ, ಎಂದು ಅಲ್ಲಿನ ಶಾಸನ ಹೇಳುತ್ತದೆ.