ಲಿನಕ್ಸ್ ಷೆಡ್ಯೂಲರ್: ನ್ಯಾಯದ ಸರದಿಗೆ ಬೆಂಗಳೂರಿನ ಕೊಡುಗೆ

ಹಾಡು ಕೇಳುತ್ತಿರುವಾಗ ಹಿನ್ನೆಲೆಯಲ್ಲಿ ಭಾರಿ ಕೆಲಸವೊಂದು ಆರಂಭವಾದೊಡನೆ ಧ್ವನಿ ತುಂಡಾಗುವುದು, ಮೌಸ್ ಎಳೆದಲ್ಲಿಗೆ ಬಾಣ ಬಾರದಿರುವುದು ಹಳೆಯ ಕಂಪ್ಯೂಟರ್ ಬಳಸಿದವರಿಗೆಲ್ಲ ಪರಿಚಿತ. ಯಂತ್ರ ಬೆಂಗಳೂರಿನ ಕಚೇರಿಯಲ್ಲಿರಲಿ, ಯಲಬುರ್ಗಾ ಸೀಮೆಯ ಬೇವೂರಿನ ಮನೆಯಲ್ಲಿರಲಿ, ಬೈಗುಳ ಮಾತ್ರ ಪ್ರೊಸೆಸರ್‌ಗೆ. ಎಷ್ಟೋ ವೇಳೆ ತಪ್ಪು ಅದರದಲ್ಲ. ಪ್ರೊಸೆಸರ್‌ನ ಸಮಯವನ್ನು ಕಾರ್ಯಗಳಿಗೆ ಸರದಿಯಂತೆ ಹಂಚುವ ಕರ್ನೆಲ್‌ನ ಭಾಗದ್ದು. ಅದಕ್ಕೆ ಷೆಡ್ಯೂಲರ್ ಎಂದು ಹೆಸರು.

2003ರಲ್ಲಿ ಬಂದ ಲಿನಕ್ಸ್ 2.6ರ ಷೆಡ್ಯೂಲರ್ ಊಹೆಯನ್ನು ನೆಚ್ಚಿತ್ತು. ಹೆಚ್ಚು ಹೊತ್ತು ನಿದ್ರಿಸುವ ಕಾರ್ಯ ಬಳಕೆದಾರನಿಗಾಗಿ ಕಾಯುತ್ತಿದೆಯೆಂದು ಭಾವಿಸಿ ಅದಕ್ಕೆ ಆದ್ಯತೆ ಕೊಡುತ್ತಿತ್ತು. ಊಹೆ ತಪ್ಪಿದರೆ ಪರದೆ ಸ್ತಬ್ಧ. ಊಹೆ ಬಿಟ್ಟು ಸಮನಾಗಿ ಹಂಚಿದರೆ ಸಾಕೆಂದು ವಾದಿಸಿ, ತಮ್ಮದೇ ಷೆಡ್ಯೂಲರ್ ಬರೆದು ತೋರಿಸಿದವರು ಆಸ್ಟ್ರೇಲಿಯಾದ ಕಾನ್ ಕೊಲಿವಾಸ್. ವೃತ್ತಿಯಿಂದ ಅವರು ಅರಿವಳಿಕೆ ವೈದ್ಯರು! ಆದರೆ 2007ರ ಅಕ್ಟೋಬರ್‌ನಲ್ಲಿ 2.6.23ನೇ ಆವೃತ್ತಿಗೆ ಸೇರಿದ್ದು ಇಂಗೋ ಮೋಲ್ನಾರ್ ಬರೆದ ‘ಕಂಪ್ಲೀಟ್‌ಲಿ ಫೇರ್ ಷೆಡ್ಯೂಲರ್’. ಅದೇ ವರ್ಷ ಕರ್ನೆಲ್ ಕೆಲಸ ತೊರೆದ ಕೊಲಿವಾಸ್ 2009ರಲ್ಲಿ ಮತ್ತೊಂದು ಷೆಡ್ಯೂಲರ್‌ನೊಂದಿಗೆ ಮರಳಿದರು.

ಸಮಾನ ಹಂಚಿಕೆಯಲ್ಲೂ ಒಂದು ಅನ್ಯಾಯ ಉಳಿದಿತ್ತು. ಪಡಿತರ ಅಂಗಡಿಯ ಮುಂದೆ ಒಂದೇ ಮನೆಯ 20 ಮಂದಿ ಸಾಲುಗಟ್ಟಿದರೆ, ಒಂಟಿಯಾಗಿ ಬಂದ ಅಜ್ಜಿಯ ಪಾಡೇನು? ಪ್ರೋಗ್ರಾಂ ಕಂಪೈಲ್ ಮಾಡುವ 20 ಕಾರ್ಯಗಳ ನಡುವೆ ಸಿಲುಕಿದ ಒಂದು ವಿಡಿಯೊ ಪ್ಲೇಯರ್‌ನ ಪಾಲು 21ರಲ್ಲಿ ಒಂದು, ಅಂದರೆ ಶೇ 5ಕ್ಕಿಂತ ಕಡಿಮೆ. ತಲೆಯನ್ನಲ್ಲ, ಕಾರ್ಡನ್ನು ಎಣಿಸಬೇಕು ಎಂಬುದೇ ‘ಗುಂಪು ಷೆಡ್ಯೂಲಿಂಗ್’. ಗುಂಪಿಗೊಂದು ಪಾಲು ಕೊಟ್ಟರೆ ಪ್ಲೇಯರ್‌ಗೆ ಅರ್ಧದವರೆಗೂ ಸಿಗುತ್ತದೆ. ಈ ಸೌಲಭ್ಯವನ್ನು ಹೊಸ ಷೆಡ್ಯೂಲರ್‌ಗೆ ಬೆಸೆದವರಲ್ಲಿ ಪ್ರಮುಖರು ಐಬಿಎಂನ ಬೆಂಗಳೂರು ಕೇಂದ್ರದಲ್ಲಿದ್ದ ಶ್ರೀವತ್ಸ ವಡ್ಡಗಿರಿ. 2008ರ ಜನವರಿಯ 2.6.24ನೇ ಆವೃತ್ತಿಯಲ್ಲಿ ಅದು ಬಂತು. ಆ ಮೂಲ ಕಡತದ ತಲೆಬರಹದಲ್ಲಿ ಅವರ ಹೆಸರಿದೆ.

ಆಗ ಗುಂಪು ಮಾಡುವುದು ಹೆಚ್ಚಾಗಿ ಸರ್ವರ್ ನಿರ್ವಾಹಕರ ಕೆಲಸವಾಗಿತ್ತು. ಒಬ್ಬನೇ ಕುಳಿತು ಬಳಸುವ ಡೆಸ್ಕ್‌ಟಾಪ್‌ಗೆ ಅದರ ಫಲ ಮುಟ್ಟಿಸಿದ್ದು 2010ರಲ್ಲಿ ಮೈಕ್ ಗಾಲ್‌ಬ್ರೇತ್ ಬರೆದ, ಇನ್ನೂರು ಸಾಲುಗಳ ಆಸುಪಾಸಿನ ‘ಆಟೊಗ್ರೂಪ್’. ಪ್ರತಿ ಸೆಷನ್‌ಗೂ ಅದು ತಾನಾಗಿಯೇ ಗುಂಪು ರಚಿಸುತ್ತದೆ. ಲೈನಸ್ ಟೊರ್ವಾಲ್ಡ್ಸ್ ಅದನ್ನು ಮುಕ್ತಕಂಠದಿಂದ ಹೊಗಳಿದರು. 2011ರ ಮಾರ್ಚ್‌ನ 2.6.38ನೇ ಆವೃತ್ತಿಗೆ ಅದು ಸೇರ್ಪಡೆಯಾಯಿತು.

ಆದ್ಯತೆ ತಿದ್ದಲು ಬಳಕೆದಾರನ ಕೈಯಲ್ಲಿರುವ ಹಳೆಯ ಸಾಧನ ‘ನೈಸ್’. ಇದರ ಅಂಕ -20ರಿಂದ 19ರವರೆಗೆ. ಅಂಕ ಹೆಚ್ಚಿದಷ್ಟೂ ಆದ್ಯತೆ ಕಡಿಮೆ. 0 ಅಂಕದ ಕಾರ್ಯದ ತೂಕ 1024 ಆದರೆ 19ರದ್ದು ಕೇವಲ 15. ಅನೇಕರು ಎಡವುವುದು ಇಲ್ಲಿಯೇ: ಆಟೊಗ್ರೂಪ್ ಜಾರಿಯಲ್ಲಿದ್ದರೆ ನೈಸ್ ಅಂಕ ಆಯಾ ಗುಂಪಿನೊಳಗಷ್ಟೇ ನಡೆಯುತ್ತದೆ. ಒಂದು ಟರ್ಮಿನಲ್‌ನ ಕೆಲಸಕ್ಕೆ 19 ಕೊಟ್ಟರೂ ಪಕ್ಕದ ಗುಂಪಿಗೆ ಲಾಭವಿಲ್ಲ. ಅದಕ್ಕೆ ಗುಂಪಿನ ನೈಸ್ ಅಂಕವನ್ನೇ ಬದಲಿಸಬೇಕು.

2023ರ ಅಕ್ಟೋಬರ್‌ನ 6.6ನೇ ಆವೃತ್ತಿಯಲ್ಲಿ ಮೋಲ್ನಾರ್ ಅವರ ಸರದಿ ಸೂತ್ರದ ಸ್ಥಾನಕ್ಕೆ ‘ಇಇವಿಡಿಎಫ್’ ಬಂತು. ಪಾಲಿನ ಜತೆಗೆ ಗಡುವನ್ನೂ ಲೆಕ್ಕಕ್ಕೆ ಹಿಡಿಯುವ ಈ ವಿಧಾನ 1995ರ ಸಂಶೋಧನಾ ಪ್ರಬಂಧದ್ದು. 2024ರ 6.12ನೇ ಆವೃತ್ತಿಯಿಂದ ಕರ್ನೆಲ್ ಮರುನಿರ್ಮಿಸದೆಯೇ ಬೇರೆ ಷೆಡ್ಯೂಲರ್ ತುಂಬಿ ನೋಡಬಹುದು. ಆದರೆ ರ‍್ಯಾಮ್ ಸಾಲದೆ ಹಾರ್ಡ್ ಡಿಸ್ಕ್ ಗರಗರ ತಿರುಗುತ್ತಿರುವ ಯಂತ್ರಕ್ಕೆ ಇವು ಯಾವುವೂ ಮದ್ದಲ್ಲ. ಅಲ್ಲಿ ಕೊರತೆಯಿರುವುದು ಪ್ರೊಸೆಸರ್ ಸಮಯದ್ದಲ್ಲ.