ಮಗುವಿನ ಗಾಯವನ್ನು ಓದಲು ಆಸ್ಪತ್ರೆ ಕಲಿತ ಬಗೆ



ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸಾರ್ವಜನಿಕ ಆಸ್ಪತ್ರೆಗಳಿವೆ. ಮರದಿಂದ ಬಿದ್ದು ಕೈ ಮುರಿದುಕೊಂಡ ಹುಡುಗ, ಮೈಮೇಲೆ ಬಿಸಿನೀರು ಚೆಲ್ಲಿಕೊಂಡ ಮಗು, ಜ್ವರದಿಂದ ಕಣ್ಣು ಬಿಡದ ಹಸುಗೂಸು, ಇವರೆಲ್ಲ ಮೊದಲು ಬಂದು ಸೇರುವುದು ಅಲ್ಲಿನ ತುರ್ತು ಚಿಕಿತ್ಸಾ ವಿಭಾಗಕ್ಕೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆರೋಗ್ಯ ಕವಚ ಸೇವೆ ಆರಂಭವಾದ ಮೇಲೆ ದೂರದ ಹಳ್ಳಿಯ ಮಕ್ಕಳೂ ಬೇಗನೆ ಆಸ್ಪತ್ರೆ ತಲುಪುವಂತಾಯಿತು. ಮಗುವನ್ನು ಮಂಚದ ಮೇಲೆ ಮಲಗಿಸಿದ ಕೂಡಲೇ ವೈದ್ಯರು ಕೇಳುವ ಪ್ರಶ್ನೆ ಒಂದೇ: "ಹೇಗಾಯಿತು?"

ಉತ್ತರ ಹೇಳುವವರು ಮಗುವನ್ನು ಕರೆತಂದವರು. ಬಹುಪಾಲು ಸಂದರ್ಭಗಳಲ್ಲಿ ಆ ಉತ್ತರ ನಿಜವೇ ಆಗಿರುತ್ತದೆ. ಆದರೆ ಕರೆತಂದವರೇ ಹೊಡೆದವರಾಗಿದ್ದರೆ? ಇನ್ನೂ ಮಾತು ಬಾರದ ಕೂಸು ಏನು ಹೇಳೀತು? ಈ ಸಂದೇಹವನ್ನು ಕೇಳುವ ಧೈರ್ಯ ವೈದ್ಯಶಾಸ್ತ್ರಕ್ಕೆ ಬರಲು ನೂರು ವರ್ಷ ಬೇಕಾಯಿತು. ಆ ಕಥೆಯನ್ನು ಈಗ ನೋಡೋಣ.

ನೂರು ವರ್ಷದ ಮೌನ

1860ರಲ್ಲಿ ಫ್ರಾನ್ಸಿನ ನ್ಯಾಯವೈದ್ಯ ಆಂಬ್ರೋಯಿಸ್ ಟಾರ್ಡ್ಯೂ ಕ್ರೌರ್ಯಕ್ಕೆ ತುತ್ತಾದ 32 ಮಕ್ಕಳ ವಿವರಗಳನ್ನು ಪ್ರಕಟಿಸಿದ. ಅವರಲ್ಲಿ 18 ಮಕ್ಕಳು ಸತ್ತಿದ್ದರು. ತಂದೆತಾಯಿಗಳೇ ಹೀಗೆ ಮಾಡಿಯಾರೆಂದು ನಂಬಲು ಅಂದಿನ ಸಮಾಜ ಸಿದ್ಧವಿರಲಿಲ್ಲ. ಟಾರ್ಡ್ಯೂನ ಬರಹ ಮೂಲೆ ಸೇರಿತು.

ಮುಂದೆ ಸತ್ಯವನ್ನು ಹೊರಗೆಳೆದದ್ದು ಎಕ್ಸ್-ರೇ ಯಂತ್ರ. ಮನುಷ್ಯರು ಮರೆಮಾಚಿದ್ದನ್ನು ಮೂಳೆ ಮರೆಮಾಚಲಿಲ್ಲ. 1946ರಲ್ಲಿ ಅಮೆರಿಕದ ಜಾನ್ ಕ್ಯಾಫಿ ಎಂಬ ವೈದ್ಯ ಆರು ಶಿಶುಗಳ ಬಗ್ಗೆ ಬರೆದ. ಆರಕ್ಕೂ ತಲೆಬುರುಡೆಯೊಳಗೆ ರಕ್ತಸ್ರಾವವಾಗಿತ್ತು. ಜೊತೆಗೆ ಕೈಕಾಲುಗಳ ಉದ್ದ ಮೂಳೆಗಳಲ್ಲಿ ಒಟ್ಟು 23 ಮುರಿತಗಳಿದ್ದವು. ಇವಕ್ಕೆ ಸರಿಯಾದ ಕಾರಣವನ್ನು ಯಾರೂ ಹೇಳಿರಲಿಲ್ಲ. ಹಳೆಯ ಮುರಿತ ಕೂಡಿಕೊಳ್ಳುತ್ತಿರುವಾಗಲೇ ಪಕ್ಕದಲ್ಲಿ ಹೊಸ ಮುರಿತ ಕಂಡರೆ ಒಂದು ಸಲದ ಬೀಳಾಟ ಅದಕ್ಕೆ ಉತ್ತರವಾಗದು ಎಂಬುದು ಕ್ರಮೇಣ ವೈದ್ಯರಿಗೆ ತಿಳಿಯಿತು.

1962ರಲ್ಲಿ ಡೆನ್ವರ್ ನಗರದ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಅವನ ಸಹೋದ್ಯೋಗಿಗಳು ಇದಕ್ಕೊಂದು ಹೆಸರಿಟ್ಟರು: 'ಪೆಟ್ಟು ತಿಂದ ಮಗುವಿನ ಲಕ್ಷಣಕೂಟ'. ಅವರು 71 ಆಸ್ಪತ್ರೆಗಳಿಂದ ಒಂದು ವರ್ಷದ ಮಾಹಿತಿ ತರಿಸಿದಾಗ 302 ಪ್ರಕರಣಗಳು ಸಿಕ್ಕವು. ಅವುಗಳಲ್ಲಿ 33 ಮಕ್ಕಳು ಸತ್ತಿದ್ದರು. 85 ಮಕ್ಕಳ ಮೆದುಳಿಗೆ ಶಾಶ್ವತ ಹಾನಿಯಾಗಿತ್ತು. ಹೆಸರು ಸಿಕ್ಕಿದೊಡನೆ ರೋಗ ಕಣ್ಣಿಗೆ ಬಿತ್ತು ಎನ್ನಬಹುದು. ಐದೇ ವರ್ಷಗಳಲ್ಲಿ, ಅಂದರೆ 1967ರ ವೇಳೆಗೆ, ಅಮೆರಿಕದ ಎಲ್ಲ ರಾಜ್ಯಗಳೂ ಇಂಥ ಪ್ರಕರಣಗಳನ್ನು ವರದಿ ಮಾಡಬೇಕೆಂಬ ಕಾನೂನು ತಂದವು.

ನಮ್ಮ ನಾಡಿನ ಹಾದಿ

ನಮ್ಮಲ್ಲಿ ಮಕ್ಕಳ ರಕ್ಷಣೆಯ ಚಿಂತನೆ ಆಸ್ಪತ್ರೆಯಿಂದಲ್ಲ, ಮದುವೆಯ ಚಪ್ಪರದಿಂದ ಆರಂಭವಾಯಿತು. ತುಮಕೂರು ಪ್ರದೇಶ ಸೇರಿದ್ದ ಮೈಸೂರು ಸಂಸ್ಥಾನ 1894ರಲ್ಲಿಯೇ ಶಿಶುವಿವಾಹ ತಡೆ ಕಾಯಿದೆ ತಂದು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಬ್ರಿಟಿಷ್ ಇಂಡಿಯಾದ ಶಾರದಾ ಕಾಯಿದೆ ಬಂದದ್ದು 1929ರಲ್ಲಿ. ಎಂಟು ವರ್ಷದ ಮಿತಿ ಇಂದು ನಮಗೆ ತೀರ ಕಡಿಮೆಯೆನಿಸಬಹುದು. ಆದರೆ ಮನೆಯೊಳಗಿನ ಮಗುವಿನ ಮೇಲೆ ಸರ್ಕಾರಕ್ಕೂ ಹೊಣೆಯಿದೆ ಎಂದು ಒಪ್ಪಿಕೊಂಡ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರಲ್ಲಿ ರೂಪುಗೊಂಡಿತು. ಭಾರತ ಅದಕ್ಕೆ ಸೇರಿದ್ದು 1992ರ ಡಿಸೆಂಬರಿನಲ್ಲಿ. 1996ರಲ್ಲಿ ಮುಂಬಯಿಯಲ್ಲಿ 1098 ಮಕ್ಕಳ ಸಹಾಯವಾಣಿ ಮೊಳೆಯಿತು. 2007ರಲ್ಲಿ ಕೇಂದ್ರ ಸರ್ಕಾರ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ ಅಧ್ಯಯನವನ್ನು ಪ್ರಕಟಿಸಿತು. ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದರು. ಆ 13ರಲ್ಲಿ ಕರ್ನಾಟಕ ಇರಲಿಲ್ಲ ಎಂಬುದನ್ನೂ ಗಮನಿಸಿ.

2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, ಪೋಕ್ಸೊ ಕಾಯಿದೆ ಜಾರಿಗೆ ಬಂತು. ಹದಿನೆಂಟು ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ವೈದ್ಯರೂ ಇದಕ್ಕೆ ಹೊರತಲ್ಲ. ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆಯಾಗಬಹುದು. ತುರ್ತು ಚಿಕಿತ್ಸೆ ಕೊಡುವ ಮುನ್ನ ಪೊಲೀಸ್ ಅಥವಾ ನ್ಯಾಯಾಲಯದ ಕಾಗದ ತನ್ನಿ ಎಂದು ಕೇಳುವಂತಿಲ್ಲ. ಹುಡುಗಿಯನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ಮಗು ನಂಬುವವರೊಬ್ಬರು ಜೊತೆಗಿರಬೇಕು.

ಆರು ಪ್ರಶ್ನೆಗಳು

ಕಾನೂನು ವರದಿ ಮಾಡಿ ಎನ್ನುತ್ತದೆ, ನಿಜ. ಆದರೆ ಸಂದೇಹವೇ ಬಾರದಿದ್ದರೆ ವರದಿ ಮಾಡುವುದು ಯಾವುದನ್ನು? ಇದಕ್ಕಾಗಿಯೇ ನೆದರ್ಲೆಂಡ್ಸ್ ದೇಶದ ತುರ್ತು ವಿಭಾಗಗಳಲ್ಲಿ ಬರುವ ಪ್ರತಿ ಮಗುವಿನ ವಿಷಯದಲ್ಲೂ ದಾದಿಯರು ಆರು ಅಂಶಗಳನ್ನು ಗುರುತಿಸುವ ಪದ್ಧತಿ ಬೆಳೆಯಿತು. ಹೇಳಿದ ಕಥೆ ಆಗಾಗ್ಗೆ ಬದಲಾಗುತ್ತಿದೆಯೇ? ಆಸ್ಪತ್ರೆಗೆ ತರುವಲ್ಲಿ ಕಾರಣವಿಲ್ಲದೆ ತಡವಾಯಿತೇ? ಮಗುವಿನ ವಯಸ್ಸಿಗೆ ಆ ಗಾಯ ಹೊಂದುತ್ತದೆಯೇ? ಮಗು ಮತ್ತು ಪೋಷಕರ ನಡವಳಿಕೆ ಸಹಜವಾಗಿದೆಯೇ? ತಲೆಯಿಂದ ಕಾಲಿನವರೆಗೆ ನೋಡಿದಾಗ ಕಂಡದ್ದು ಹೇಳಿದ ಮಾತಿಗೆ ತಾಳೆಯಾಗುತ್ತದೆಯೇ? ಬೇರೇನಾದರೂ ಅನುಮಾನವಿದೆಯೇ?

ಇನ್ನೂ ಮಗ್ಗುಲು ಹೊರಳದ ಎರಡು ತಿಂಗಳ ಕೂಸು 'ಓಡಿ ಬಂದು ಬಿತ್ತು' ಎಂದರೆ ಮೂರನೆಯ ಪ್ರಶ್ನೆ ಎಚ್ಚರಿಸುತ್ತದೆ. ಎಲ್ಲ ಮಕ್ಕಳಿಗೂ ಒಂದೇ ಪಟ್ಟಿ ಇರುವುದರಲ್ಲಿ ನ್ಯಾಯವೂ ಇದೆ. ಇಲ್ಲವಾದರೆ ಹರಕು ಬಟ್ಟೆಯವರನ್ನು ಶಂಕಿಸಿ ಕಾರಿನಲ್ಲಿ ಬಂದವರನ್ನು ಬಿಟ್ಟುಬಿಡುವ ಅಪಾಯವಿರುತ್ತದೆ.

ಅದೇ ದೇಶದ ಹೇಗ್ ನಗರದಲ್ಲಿ 2007ರಿಂದ ಇನ್ನೊಂದು ಉಪಾಯ ಮಾಡಿದರು. ಮನೆಯಲ್ಲಿ ಪೆಟ್ಟು ತಿಂದು, ಕುಡಿದು ಎಚ್ಚರ ತಪ್ಪಿ, ಅಥವಾ ಆತ್ಮಹತ್ಯೆಗೆ ಯತ್ನಿಸಿ ಬಂದ ದೊಡ್ಡವರನ್ನು "ನಿಮಗೆ ಮಕ್ಕಳಿದ್ದಾರೆಯೇ?" ಎಂದು ಕೇಳಿದರು. ಮೊದಲು ತುರ್ತು ವಿಭಾಗಕ್ಕೆ ಬಂದ ಒಂದು ಲಕ್ಷ ಜನರಿಗೆ ಇಂಥ ಒಂದು ಪ್ರಕರಣ ಸಿಗುತ್ತಿದ್ದುದು 64ಕ್ಕೆ ಏರಿತು. ಅಂಗಳದಲ್ಲಿ ನಿಂತ ಮಗುವನ್ನು ತಾಯಿಯ ಗಾಯದ ಮೂಲಕ ಕಂಡಂತಾಯಿತು.

ಊರನ್ನು ಅರಿತ ಕಣ್ಣು

ಹಾಗಾದರೆ ಆ ಪಟ್ಟಿಯನ್ನೇ ಕನ್ನಡಕ್ಕೆ ತಂದು ಗೋಡೆಗೆ ಅಂಟಿಸಿದರೆ ಸಾಕೇ? ಸಾಲದು. ಪಾವಗಡದ ಮಗುವಿನ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ತಾಯಿಯ ಅಲಕ್ಷ್ಯವಲ್ಲ. ಅಲ್ಲಿನ ಅಂತರ್ಜಲದಲ್ಲಿರುವ ಫ್ಲೋರೈಡ್‌ನ ಫಲ. ಮಗು ಸೊರಗಿದ್ದರೆ ಅದು ಬರಗಾಲದ, ಬಡತನದ ಗುರುತಿರಬಹುದು. ಮೂರು ಕಡೆ ಆಂಧ್ರ ಸುತ್ತುವರಿದಿರುವ ಪಾವಗಡದಲ್ಲಿ ತೆಲುಗು ಮನೆಮಾತಾಗಿರುವ ಮಕ್ಕಳು ಬಹಳ. ಭಯಗೊಂಡ ಮಗು ತನ್ನ ಮನೆಮಾತಿನಲ್ಲಿಯೇ ನಿಜ ಹೇಳೀತು. ಕಾಮಾಲೆಗೋ ಫಿಟ್ಸಿಗೋ ಕೂಸಿಗೆ ಬರೆ ಹಾಕಿಸುವವರು ನಮ್ಮ ನಾಡಿನಲ್ಲಿದ್ದಾರೆ. ಹಾಕಿಸಿದವರ ಮನಸ್ಸಿನಲ್ಲಿ ಇರುವುದು ಪ್ರೀತಿಯೇ. ಆದರೂ ಬರೆ ಸುಡದೆ ಬಿಡುವುದಿಲ್ಲ. ಇಲ್ಲಿ ಪೊಲೀಸರಿಗಿಂತ ಮೊದಲು ಬೇಕಾದದ್ದು ತಿಳಿವಳಿಕೆ.

ಆದರೆ ಸಂಪ್ರದಾಯ ಎಂದೊಡನೆ ಸುಮ್ಮನಾಗುವಂತೆಯೂ ಇಲ್ಲ. ಈ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತಿ ಮತ್ತು ಕೂಸನ್ನು ಸೂತಕದ ಹೆಸರಿನಲ್ಲಿ ಊರ ಹೊರಗಿನ ಗುಡಿಸಲಿನಲ್ಲಿ ಇರಿಸುವ ರೂಢಿ ಹಿಂದಿನಿಂದ ಬಂದದ್ದು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆಗಾಳಿಯ ನಡುವೆ ಹೀಗೆ ಇದ್ದ ಹಸುಗೂಸೊಂದು ಶೀತದಿಂದ ನರಳಿ ತೀರಿಕೊಂಡಿತು. ಮೂಢನಂಬಿಕೆಯ ಅಮಾನವೀಯ ಆಚರಣೆಗಳನ್ನು ತಡೆಯುವ ರಾಜ್ಯದ ಕಾಯಿದೆ 2020ರಲ್ಲಿಯೇ ಜಾರಿಗೆ ಬಂದಿತ್ತು. ಆದರೂ ಕೂಸು ಉಳಿಯಲಿಲ್ಲ. ಇಲ್ಲಿ ಹೊಡೆದವರು ಯಾರೂ ಇಲ್ಲ. ಇಡೀ ಊರಿನ ಅಲಕ್ಷ್ಯವಿದೆ. ಹೆರಿಗೆಯಾದ ತಾಯಿಯನ್ನು ಮನೆಗೆ ಕಳಿಸುವಾಗ "ಎಲ್ಲಿ ಇರುತ್ತೀಯಮ್ಮ, ಮನೆಯೊಳಗೋ ಹೊರಗೋ?" ಎಂದು ಕೇಳುವ ಒಂದು ಮಾತು ನಮ್ಮ ಆಸ್ಪತ್ರೆಗಳ ಏಳನೆಯ ಪ್ರಶ್ನೆಯಾಗಬೇಡವೇ?

ಎರಡು ಅಲಗಿನ ಕತ್ತಿ

ಇಂಥ ತಪಾಸಣೆಗೆ ಮಿತಿಯೂ ಉಂಟು. ಪಟ್ಟಿ ಹಿಡಿದು ಶಂಕಿಸಿದವರಲ್ಲಿ ನಿರಪರಾಧಿಗಳೇ ಹೆಚ್ಚಾಗಿರಬಹುದು. ಆದ್ದರಿಂದ ಸಂದೇಹ ಬೇರೆ, ತೀರ್ಪು ಬೇರೆ. ಗಾಯದ ಅಳತೆ, ಬಣ್ಣ, ಜಾಗ ಮತ್ತು ಮಗುವಿನ ಮಾತನ್ನು ಇದ್ದಂತೆಯೇ ಬರೆದಿಡುವುದು ವೈದ್ಯರ ಕೆಲಸ. ಅಪರಾಧಿ ಯಾರೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಮಗು ಎಲ್ಲಿ ಸುರಕ್ಷಿತವಾಗಿರಬಹುದು ಎಂದು ನೋಡುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಕೆಲಸ. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್ ದೂರ. ಹೀಗಿರುವಾಗ ತಾಲ್ಲೂಕು ಆಸ್ಪತ್ರೆಯ ದಾದಿಯ ಮೊದಲ ಅರ್ಧ ಗಂಟೆ ಎಷ್ಟು ಅಮೂಲ್ಯವೆಂದು ಯೋಚಿಸಿ.

ಇನ್ನೊಂದು ತೊಡಕು ಹೆಚ್ಚು ಕಠಿಣವಾದದ್ದು. ಬಾಲ್ಯವಿವಾಹವಾಗಿ ಗರ್ಭಿಣಿಯಾದ ಹುಡುಗಿ ಆಸ್ಪತ್ರೆಗೆ ಬಂದರೆ ಪೊಲೀಸರಿಗೆ ತಿಳಿಸಲೇಬೇಕು. ಆ ಭಯಕ್ಕೆ ಮನೆಯವರು ಅವಳನ್ನು ಆಸ್ಪತ್ರೆಗೇ ತಾರದಿದ್ದರೆ ಅವಳ ಪ್ರಾಣಕ್ಕೇ ಸಂಚಕಾರ. ರಕ್ಷಿಸಲು ಬಂದ ಕಾನೂನು ಬಾಗಿಲು ಮುಚ್ಚುವ ಕಾನೂನಾಗಬಾರದು. ಅದಕ್ಕೆ ಆಸ್ಪತ್ರೆಯ ಮೊದಲ ಮಾತು ಆರೈಕೆಯ ಮಾತಾಗಿರಬೇಕು, ಗದರಿಕೆಯದಲ್ಲ.

ಮಿತ್ರರೇ, ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರೋ ದಾದಿಯರೋ ಶಿಕ್ಷಕರೋ ಆಗುವಿರಿ. ಆದರೆ ಅಲ್ಲಿಯವರೆಗೆ ಕಾಯಬೇಕಿಲ್ಲ. ಪಕ್ಕದ ಬೆಂಚಿನ ಗೆಳೆಯ ಪದೇ ಪದೇ "ಬಿದ್ದೆ" ಎನ್ನುತ್ತಿದ್ದರೆ ಅವನ ಮಾತನ್ನು ನಗಬೇಡಿ, ಊರಿಗೆಲ್ಲ ಹರಡಲೂ ಬೇಡಿ. ನಂಬುಗೆಯ ಶಿಕ್ಷಕರೊಬ್ಬರಿಗೆ ತಿಳಿಸಿ, ಇಲ್ಲವೇ 1098ಕ್ಕೆ ಕರೆ ಮಾಡಿ. ಕಷ್ಟ ನಿಮ್ಮದೇ ಆಗಿದ್ದರೂ ಅದೇ ಸಂಖ್ಯೆ. ತಪ್ಪು ನಿಮ್ಮದಲ್ಲ.

ಚರ್ಚಿಸಿ

1. ಟಾರ್ಡ್ಯೂನ ಮಾತನ್ನು ಕೇಳದ ಸಮಾಜ ಕೆಂಪ್‌ನ ಮಾತನ್ನು ಕೇಳಿದ್ದೇಕೆ?
2. ಬಡತನಕ್ಕೂ ಅಲಕ್ಷ್ಯಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಊರಿನ ಉದಾಹರಣೆಯಿಂದ ವಿವರಿಸಿ.
3. ನಿಮ್ಮ ತಾಲ್ಲೂಕು ಆಸ್ಪತ್ರೆಗಾಗಿ ನೀವೇ ಒಂದು ಪ್ರಶ್ನೆ ಸೇರಿಸುವುದಾದರೆ ಅದು ಯಾವುದು?