ಕಲ್ಲಿನ ತೇರಿನ ಕಳಚಿದ ಶಿಖರ

ಕತ್ತಲಗೆರೆಯ ಸೀಮೆಯವರಾದ ನಮಗೆ ಹಂಪೆಯು ಪರಸ್ಥಳವಲ್ಲ. ಶಾಂತಿಸಾಗರವೆಂದೂ ಹೆಸರುಳ್ಳ ನಮ್ಮ ಸೂಳೆಕೆರೆಯಿಂದ ಹೊರಟ ಹರಿದ್ರೆಯು ಹರಿಹರದಲ್ಲಿ ತುಂಗಭದ್ರೆಯನ್ನು ಕೂಡುವುದು, ಆ ನದಿಯೇ ಮುಂದೆ ವಿರೂಪಾಕ್ಷನ ಸನ್ನಿಧಿಯ ಮಗ್ಗುಲಲ್ಲಿ ಹರಿಯುವುದು. ಆ ಹಂಪೆಯ ಹಳೆಯ ರೂಪವನ್ನು ಇಂದು ನಾವು ಕಣ್ಣಾರೆ ಕಾಣಬಹುದಾದರೆ, ಅದು ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಅಲ್ಲಿ ಛಾಯಾಚಿತ್ರಗಳನ್ನು ತೆಗೆಯಲು ಪಟ್ಟ ಶ್ರಮದ ಫಲ.

ಆತನು ಬಳಸಿದ್ದು ಗಾಜಿನ ಫಲಕವನ್ನಲ್ಲ, ಮೇಣವುಣಿಸಿದ ಕಾಗದವನ್ನು. ಸುಮಾರು 18 ಅಂಗುಲ ಉದ್ದ, 16 ಅಂಗುಲ ಅಗಲದ ಒಂದೊಂದು ಹಾಳೆಯನ್ನೂ ಬೆಳ್ಳಿಯ ಲವಣದಲ್ಲಿ ಅದ್ದಿ, ಅದನ್ನು ಹಿಡಿಸುವಷ್ಟು ದೊಡ್ಡ ಪೆಟ್ಟಿಗೆಯನ್ನು ಬಂಡೆಗಳ ನಡುವೆ ಹೊರಿಸಿಕೊಂಡು ಹೋಗಿ, ಬಿಸಿಲಿನಲ್ಲಿ ನಿಮಿಷಗಟ್ಟಲೆ ಬೆಳಕುಣಿಸಿ ಆತನು ಪಡೆದ ಚಿತ್ರಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ತೇರಿನದೂ ಒಂದು. ಅದನ್ನು ಮೊದಲ ಸಲ ನೋಡುವವನು ಬೆರಗಾಗದಿರನು: ತೇರಿನ ತಲೆಯ ಮೇಲೆ ಇಟ್ಟಿಗೆ ಗಾರೆಗಳ ಶಿಖರವೊಂದು ನಿಂತಿದೆ! ಮಳೆಗಾಳಿಗೆ ಜೀರ್ಣವಾದ ಆ ಶಿಖರವನ್ನು ಅನಂತರ ಇಳಿಸಿಬಿಟ್ಟರು. ಇಂದು ಯಾತ್ರಿಕರು ಕಾಣುವುದೂ, 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಬೆನ್ನಿನಲ್ಲಿ ಅಚ್ಚಾಗಿರುವುದೂ ಶಿಖರವಿಲ್ಲದ ಬೋಳು ತೇರು. ಗ್ರೀನ್‌ಲಾನ ಕಾಗದವಿಲ್ಲದಿದ್ದರೆ ಇದೇ ಅದರ ಪೂರ್ಣರೂಪವೆಂದು ನಂಬಿ ನಾವು ನಿಶ್ಚಿಂತರಾಗಿರುತ್ತಿದ್ದೆವು.

1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಆ ಹಳೆಯ ಚಿತ್ರಗಳ ಜಾಡು ಹಿಡಿದು, ಗ್ರೀನ್‌ಲಾ ನಿಂತ ನೆಲೆಗಳನ್ನೇ ಹುಡುಕಿ ನಿಂತು, ಅವೇ ದೃಶ್ಯಗಳನ್ನು ಮತ್ತೆ ತೆಗೆದನು. ತಾನು ಮೆಚ್ಚಿದ ಸ್ಥಳದಲ್ಲಿ ಕಾಲವು ಕಸಿದುಕೊಂಡುದನ್ನು ಅಳೆಯುವುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಉಪಾಯವನ್ನು ನಾನರಿಯೆ.

ಮನುಷ್ಯನು ಕಟ್ಟಿದ್ದು ಕೆಡುವುದು ಸಹಜ, ಬಂಡೆಯಾದರೂ ಸ್ಥಿರವೆಂದು ತಿಳಿಯುವಂತೆಯೂ ಇಲ್ಲ. ಕಮಲಾಪುರದ ದಾರಿಯಲ್ಲಿ, ಹಂಪೆಯನ್ನು ಹಳಿದುದರಿಂದ ಕಲ್ಲಾದರೆಂದು ಜನ ಹೇಳುವ ಅಕ್ಕ ತಂಗಿಯರ ಗುಂಡುಗಳು ಒಂದಕ್ಕೊಂದು ಒರಗಿ ನಿಂತಿದ್ದುವು. ಅವುಗಳಲ್ಲಿ ಒಂದು ನಮ್ಮ ಕಾಲದಲ್ಲಿಯೇ ಒಡೆದು ಉರುಳಿತು. ಹಗಲ ಬಿಸಿಲಿಗೆ ಹಿಗ್ಗಿ ಇರುಳ ತಂಪಿಗೆ ಕುಗ್ಗುತ್ತ, ಬಿರುಕಿಗಿಳಿದ ಮಳೆನೀರಿನಿಂದ ಒಳಗೊಳಗೇ ಪುಡಿಯಾಗುತ್ತ, ಈರುಳ್ಳಿಯಂತೆ ಸಿಪ್ಪೆ ಸಿಪ್ಪೆಯಾಗಿ ಕಳಚುವುದು ಆ ಬೆಣಚುಗಲ್ಲಿನ ಧರ್ಮ. ಗುಂಡುಗಳಿಗೆ ದುಂಡಾದ ಚೆಲುವು ಬಂದುದೂ ಈ ಸವಕಳಿಯಿಂದಲೇ. ಆದರೂ ಅದು ಉರುಳಿದ ಸುದ್ದಿ ಕೇಳಿದಾಗ ನನಗೆ ಬಂಧುವಿಯೋಗದಂಥ ದುಃಖವಾಯಿತು.

ನಮ್ಮ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಪುಷ್ಕರಣಿಗೆ ಗ್ರೀನ್‌ಲಾನಂಥವನು ಒದಗಿದುದನ್ನು ನಾನರಿಯೆ. ನೀರಿನ ನಡುವಣ ವಸಂತಮಂಟಪವೇನೋ ನಿಂತಿದೆ. ಸುತ್ತಣ ಎಂಟು ದಿಕ್ಕಿನ ಮಂಟಪಗಳೆಲ್ಲ ಇಂದು ಉಳಿದಿಲ್ಲ, ಬಿದ್ದವುಗಳ ರೂಪವನ್ನು ಉಳಿದವುಗಳಿಂದ ಊಹಿಸಬೇಕಾಗಿದೆ. ಉಳಿದವುಗಳನ್ನಾದರೂ ನಮ್ಮ ಸೀಮೆಯ ತರುಣರು, ಕಾಲೂರಿದ ಜಾಗವನ್ನು ಮೆಟ್ಟಿಲಿನ ಲೆಕ್ಕದಲ್ಲಿ ಬರೆದಿಟ್ಟುಕೊಂಡು, ವರ್ಷಕ್ಕೊಮ್ಮೆ ಅಲ್ಲಿಂದಲೇ ಚಿತ್ರ ತೆಗೆದಿಡಲಿ.